ಶಾಲೆಗಳಲ್ಲಿ ಪಾಠದ ಮೇಲ್ವಿಚಾರಣೆ

ಒಂದು ವಿದ್ಯಾಸಂಸ್ಥೆಯ ವಾರ್ಷಿಕ ವರದಿಯನ್ನು ಓದುವವರಿಗೆ ಕಟ್ಟಡಕ್ಕೆ ತಗಲಿದ ವೆಚ್ಚ, ಸಂಗ್ರಹವಾದ ದಾನದ ಮೊತ್ತ, ಪರೀಕ್ಷೆಯಲ್ಲಿ ತೇರ್ಗಡೆಯಾದ ಮಕ್ಕಳ ಸಂಖ್ಯೆ ಇವೆಲ್ಲವೂ ಸುಲಭವಾಗಿ ಗೊತ್ತಾಗುತ್ತವೆ. ಆದರೆ ಬೆಳಗಿನ ಘಂಟೆ ಹೊಡೆದು ಉಪಾಧ್ಯಾಯರು ತರಗತಿಯೊಳಕ್ಕೆ ಹೋದ ಮೇಲೆ ಅಲ್ಲಿ ನಡೆಯುವ ಪಾಠ ಎಂತಹುದು ಎಂಬುದು ಯಾವ ವರದಿಯಲ್ಲಿಯೂ ಕಾಣುವುದಿಲ್ಲ. ಶಾಲೆಯ ಸಾರವಿರುವುದಾದರೋ ಆ ನಲವತ್ತು ನಿಮಿಷಗಳಲ್ಲಿಯೇ. ಅದನ್ನು ನೋಡಿ, ತಿಳಿದು, ಉತ್ತಮಪಡಿಸುವ ಹೊಣೆ ಮುಖ್ಯೋಪಾಧ್ಯಾಯರದು, ಶಾಲೆಯ ಆಡಳಿತ ನಡೆಸುವವರದು, ಇಲಾಖೆಯ ಅಧಿಕಾರಿಗಳದು. ಆ ಹೊಣೆಯನ್ನು ನಿರ್ವಹಿಸುವ ಕ್ರಮಕ್ಕೆ ಮೇಲ್ವಿಚಾರಣೆಯೆಂದು ಹೆಸರು. ಈ ವಿಷಯವನ್ನು ಉಪಾಧ್ಯಾಯರ ಸಭೆಗಳಲ್ಲಿ ಚರ್ಚಿಸುವುದು ವಾಡಿಕೆ. ನಾವು ಇದನ್ನು ವಿದ್ಯಾರ್ಥಿಗಳ ಮತ್ತು ಅವರ ತಂದೆತಾಯಿಗಳ ಮುಂದಿಡುತ್ತಿದ್ದೇವೆ. ಪಾಠದ ಲಾಭನಷ್ಟಗಳೆರಡೂ ಕಡೆಗೆ ಸೇರುವುದು ಅವರಿಗೇ ಅಲ್ಲವೆ?

ನಮ್ಮ ಸೀಮೆಯಲ್ಲಿ ಈ ವಿಚಾರಕ್ಕೆ ವಿಶೇಷವಾದ ತೂಕವುಂಟು. ಕೊಯಮತ್ತೂರು ಜಿಲ್ಲೆ ಒಂದು ಕಾಲದಲ್ಲಿ ಇಂದಿನದಕ್ಕಿಂತ ಬಹು ವಿಶಾಲವಾಗಿತ್ತು. ಕೊಳ್ಳೇಗಾಲ ತಾಲೂಕು ಇದೇ ಜಿಲ್ಲೆಯಲ್ಲಿದ್ದು, ರಾಜ್ಯಪುನರ್ವಿಂಗಡಣೆಯಾದಾಗ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಬೆಟ್ಟದ ಮೇಲಣ ತಾಳವಾಡಿಯ ಕನ್ನಡ ಹಳ್ಳಿಗಳು ಇತ್ತಕಡೆಯೇ ಉಳಿದು, 1979ರಲ್ಲಿ ರಚಿತವಾದ ಇಂದಿನ ಈರೋಡು ಜಿಲ್ಲೆಗೆ ಹೋದವು. 2009ರಲ್ಲಿ ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾಯಿತು. ಗಡಿಗೆರೆಗಳು ಹೀಗೆ ಬದಲಾಗುತ್ತ ಬಂದರೂ ಮನೆಯಲ್ಲಿ ಕನ್ನಡವಾಡುವ ದೇವಾಂಗರೂ ಒಕ್ಕಲಿಗರೂ ಇತರರೂ ಈ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲಸಿದ್ದಾರೆ. ಅವರ ಮಕ್ಕಳಿಗೆ ಮನೆಯ ಕನ್ನಡ ಒಂದು ಬಗೆ, ಬೀದಿಯಲ್ಲಿ ಕೇಳುವುದು ತಮಿಳು, ಪುಸ್ತಕದಲ್ಲಿ ಕಾಣುವ ಕನ್ನಡ ಮತ್ತೊಂದು ಬಗೆ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯವಿರಬೇಕೆಂದು ನಮ್ಮ ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರ ಏಳನೆಯ ತಿದ್ದುಪಡಿಯಿಂದ ಬಂದುದು. ತಮಿಳುನಾಡಿನ 2006ರ ಕಾಯಿದೆಯು ಒಂದನೆಯ ತರಗತಿಯಿಂದ ತೊಡಗಿ ಹಂತಹಂತವಾಗಿ ತಮಿಳನ್ನು ಕಡ್ಡಾಯ ಭಾಷೆಯನ್ನಾಗಿ ಮಾಡಿತು. ನೆರೆಯವರ ಭಾಷೆಯನ್ನು, ಅದೂ ಅಂತಹ ಸಂಪನ್ನ ಭಾಷೆಯನ್ನು, ಮಕ್ಕಳು ಕಲಿಯುವುದು ಒಳ್ಳೆಯದೇ. ಆದರೆ ಎರಡು ಲಿಪಿಗಳನ್ನು ಒಟ್ಟೊಟ್ಟಿಗೆ ಕಲಿಯುವ ಮಗುವಿಗೆ ಪಾಠ ಹೇಳುವ ಉಪಾಧ್ಯಾಯರ ಕೆಲಸ ಇತರರ ಕೆಲಸಕ್ಕಿಂತ ಕಠಿಣವಾದುದು. ವಿಧಿಯ ಬಲದಿಂದ ಕನ್ನಡ ಶಾಲೆಯ ಬಾಗಿಲು ತೆರೆದಿರಬಹುದು. ಮಗುವಿಗೆ ಓದು ಬರುವುದು ಪಾಠದ ಬಲದಿಂದ ಮಾತ್ರ. ಪಾಠ ಸೊರಗಿದರೆ ತಂದೆತಾಯಿಗಳು ಮಗುವನ್ನು ಬೇರೆ ಶಾಲೆಗೆ ಕರೆದೊಯ್ಯುವರು. ಅವರನ್ನು ದೂಷಿಸಲಾಗದು. ಮಕ್ಕಳು ಕಡಮೆಯಾದರೆ ತರಗತಿ ಕಡಮೆಯಾಗುವುದು. ತರಗತಿ ಕಡಮೆಯಾದರೆ ಉಪಾಧ್ಯಾಯರ ಹುದ್ದೆ ಹೋಗುವುದು. ಕಡೆಗೆ ಶಾಲೆಯೇ ಇಲ್ಲವಾಗುವುದು. ಆದುದರಿಂದ ಪಾಠದ ಮೇಲ್ವಿಚಾರಣೆ ನಮ್ಮಂತಹ ಶಾಲೆಗಳಿಗೆ ಅಳಿವು ಉಳಿವಿನ ಪ್ರಶ್ನೆಯಾಗಿದೆ.

ತನಿಖೆಯಿಂದ ಸಲಹೆಯ ಕಡೆಗೆ

ಸರಕಾರದವರು ಶಾಲೆಗಳ ಕಡೆ ಕಣ್ಣು ಹಾಯಿಸಿದ ಸಂಗತಿ ಹಳೆಯದು. ಮದರಾಸು ಪ್ರಾಂತದ ಗವರ್ನರರಾಗಿದ್ದ ಸರ್ ಥಾಮಸ್ ಮನ್ರೋ ಅವರು 1822ರಲ್ಲಿ ನಾಡಶಾಲೆಗಳ ಸ್ಥಿತಿಯನ್ನು ತಿಳಿಸಬೇಕೆಂದು ಎಲ್ಲ ಕಲೆಕ್ಟರರಿಗೂ ಬರೆದರು. ಬಳ್ಳಾರಿಯ ಕಲೆಕ್ಟರರಾದ ಕ್ಯಾಂಪ್‌ಬೆಲ್ಲರು 1823ರಲ್ಲಿ ಕಳುಹಿಸಿದ ಉತ್ತರ ಪ್ರಸಿದ್ಧವಾದುದು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯನ್ನೂ, ಅಲ್ಪ ವೆಚ್ಚದಲ್ಲಿ ಬರೆಹ ಕಲಿಸುವ ಕ್ರಮವನ್ನೂ ಅವರು ಮೆಚ್ಚಿದರು. ಮಕ್ಕಳು ಕಾವ್ಯಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆ, ತಕ್ಕ ಪುಸ್ತಕಗಳೂ ಸಮರ್ಥರಾದ ಗುರುಗಳೂ ಇಲ್ಲ ಎಂಬ ಕೊರತೆಯನ್ನೂ ಎತ್ತಿ ಹೇಳಿದರು. ಇನ್ನೂರು ವರ್ಷಗಳಾಚೆ ಕಂಡ ಆ ಕೊರತೆ ಇಂದು ಪೂರ್ಣವಾಗಿ ನೀಗಿದೆಯೆ ಎಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗಿದೆ.

1854ರ ವುಡ್ ಅವರ ಆದೇಶಪತ್ರದಿಂದ ಪ್ರತಿಯೊಂದು ಪ್ರಾಂತದಲ್ಲಿಯೂ ವಿದ್ಯಾಭ್ಯಾಸ ಇಲಾಖೆಯೂ, ಶಾಲೆಗಳನ್ನು ನೋಡುವ ಇನ್‌ಸ್ಪೆಕ್ಟರರೂ, ಖಾಸಗಿ ಶಾಲೆಗಳಿಗೆ ಸಹಾಯಧನವೂ ಬಂದವು. ಅನಂತರ ಒಂದು ವಿಪರೀತ ಪದ್ಧತಿ ಹುಟ್ಟಿತು. ಇಂಗ್ಲೆಂಡಿನಲ್ಲಿ 1862ರಿಂದ, ಇನ್‌ಸ್ಪೆಕ್ಟರರು ವರ್ಷಕ್ಕೊಮ್ಮೆ ಬಂದು ನಡೆಸುವ ಪರೀಕ್ಷೆಯಲ್ಲಿ ಎಷ್ಟು ಮಕ್ಕಳು ಗೆದ್ದರೋ ಅದನ್ನು ನೋಡಿ ಶಾಲೆಗೆ ಹಣ ಕೊಡತೊಡಗಿದರು. ಮದರಾಸು ಪ್ರಾಂತದಲ್ಲಿಯೂ ಈ ಫಲಾನುಸಾರದ ಸಹಾಯಧನ ಕೆಲವು ಕಾಲ ರೂಢಿಯಲ್ಲಿತ್ತು. ಪರಿಣಾಮವೇನಾಯಿತು? ಉಪಾಧ್ಯಾಯರು ಪರೀಕ್ಷೆಗೆ ಬೇಕಾದಷ್ಟನ್ನೇ ಕಲಿಸಿದರು. ಮಕ್ಕಳು ವಾಚನ ಪುಸ್ತಕವನ್ನು ಉರುಹೊಡೆದು ಒಪ್ಪಿಸಿದರು. ಕವಿಯೂ ಸ್ವತಃ ಶಾಲಾ ಇನ್‌ಸ್ಪೆಕ್ಟರರೂ ಆಗಿದ್ದ ಮ್ಯಾಥ್ಯೂ ಆರ್ನಾಲ್ಡರು ಈ ಪದ್ಧತಿಯನ್ನು ಬಲವಾಗಿ ವಿರೋಧಿಸಿದರು. ಭಯದಿಂದ ಒಳ್ಳೆಯ ಫಲಿತಾಂಶ ಹುಟ್ಟಬಹುದು. ಒಳ್ಳೆಯ ಪಾಠ ಹುಟ್ಟಲಾರದು ಎಂಬುದು ಆ ಕಾಲ ಕಲಿಸಿದ ನೀತಿ.

ಇದಕ್ಕೆ ಪ್ರತಿಯಾಗಿ ನಮ್ಮ ಕನ್ನಡ ನಾಡಿನಲ್ಲಿಯೇ ಒಂದು ಉಜ್ಜ್ವಲವಾದ ನಿದರ್ಶನವುಂಟು. ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಶಾಲೆಗಳ ಭಾಷೆ ಬಹುಮಟ್ಟಿಗೆ ಮರಾಠಿಯಾಗಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಸ್ಥರಾಗಿಯೂ, ಬಳಿಕ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿಯೂ ಕನ್ನಡ ಶಾಲೆಗಳನ್ನು ತೆರೆಯಿಸಿದರು. ಇಂಗ್ಲಿಷ್ ಅಧಿಕಾರಿ ರಸೆಲ್ಲರ ಬೆಂಬಲ ಅವರಿಗಿತ್ತು. ಅವರು ಊರೂರು ತಿರುಗಿದುದು ದೋಷಗಳ ಪಟ್ಟಿ ಬರೆಯುವುದಕ್ಕಲ್ಲ. ಪುಸ್ತಕವಿಲ್ಲವೆಂದು ಕಂಡಾಗ ಪುಸ್ತಕಗಳನ್ನು ಸಿದ್ಧಪಡಿಸುವ ಕೆಲಸಕ್ಕೆ ಕೈಹಾಕಿದರು. ಉಪಾಧ್ಯಾಯರಿಗೆ ತರಬೇತಿಯಿಲ್ಲವೆಂದು ಕಂಡಾಗ ತರಬೇತಿ ಕೊಡಿಸಿದರು. ಶಾಲಾ ಉಪಾಧ್ಯಾಯರಿಗಾಗಿಯೇ 'ಮಠಪತ್ರಿಕೆ' ಎಂಬ ಮಾಸಪತ್ರಿಕೆ ಹೊರಟುದೂ ಆ ಕಾಲದಲ್ಲಿಯೇ. 1881ರಲ್ಲಿ ಅವರು ತೀರಿಕೊಂಡರೂ 'ಡೆಪ್ಯುಟಿ' ಎಂಬ ಹುದ್ದೆಯ ಹೆಸರು ಅವರ ಹೆಸರಿನೊಡನೆ ಪ್ರೀತಿಯಿಂದ ಸೇರಿಕೊಂಡಿತು. ತನಿಖಾಧಿಕಾರಿಯನ್ನು ಜನರು ಹೀಗೆ ನೆನೆಯುವುದು ಅಪರೂಪ.

ಸ್ವಾತಂತ್ರ್ಯಾನಂತರ, ಮದರಾಸು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎ. ಲಕ್ಷ್ಮಣಸ್ವಾಮಿ ಮೊದಲಿಯಾರರ ಅಧ್ಯಕ್ಷತೆಯ ಮಾಧ್ಯಮಿಕ ಶಿಕ್ಷಣ ಆಯೋಗವು 1952-53ರಲ್ಲಿ ಈ ಪ್ರಶ್ನೆಯನ್ನು ಪರಿಶೀಲಿಸಿತು. ಇನ್‌ಸ್ಪೆಕ್ಟರರನ್ನು ಶಿಕ್ಷಣ ಸಲಹೆಗಾರರೆಂದು ಕರೆಯುವುದೇ ಲೇಸೆಂಬುದು ಅದರ ಅಭಿಪ್ರಾಯ. 1964-66ರ ಕೊಠಾರಿ ಆಯೋಗವು ಆಡಳಿತದ ಕೆಲಸವನ್ನೂ ಪಾಠದ ಮೇಲ್ವಿಚಾರಣೆಯನ್ನೂ ಬೇರ್ಪಡಿಸಬೇಕೆಂದು, ನೆರೆಹೊರೆಯ ಶಾಲೆಗಳು ಒಂದು ಗುಂಪಾಗಿ ಸೇರಿ ಪರಸ್ಪರ ನೆರವಾಗಬೇಕೆಂದು ಸಲಹೆ ಮಾಡಿತು. ರಜೆ, ಸಂಬಳ, ಕಟ್ಟಡಗಳ ಕಾಗದಪತ್ರವನ್ನು ನೋಡುವವರೇ ಪಾಠವನ್ನೂ ನೋಡಬೇಕಾದರೆ, ಕಾಗದವೇ ಮೊದಲು ಕೈಗೆ ಬರುವುದು, ಪಾಠ ಹಿಂದುಳಿಯುವುದು.

ನೋಡುವ ಕ್ರಮ

ಹಾಗಾದರೆ ಪಾಠವನ್ನು ನೋಡುವುದು ಹೇಗೆ? ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ಕೋಗನ್ ಮತ್ತು ಅವರ ಸಹೋದ್ಯೋಗಿಗಳು 1950ರ ದಶಕದ ಕೊನೆಯ ವರ್ಷಗಳಿಂದ ರೂಪಿಸಿದ ಕ್ರಮವೊಂದು ಸರಳವಾದುದು. ಅದರಲ್ಲಿ ಮುಖ್ಯವಾಗಿ ಮೂರು ಹೆಜ್ಜೆಗಳನ್ನು ಕಾಣಬಹುದು.

ಮೊದಲನೆಯದು, ಪಾಠಕ್ಕೆ ಮುಂಚಿನ ಮಾತುಕತೆ. ಮುಖ್ಯೋಪಾಧ್ಯಾಯರು ಹಿಂದಿನ ದಿನವೇ ಉಪಾಧ್ಯಾಯರೊಡನೆ ಕುಳಿತು, ನಾಳಿನ ಪಾಠದ ಗುರಿಯೇನು, ಯಾವ ಭಾಗ ಮಕ್ಕಳಿಗೆ ತೊಡಕಾಗಬಹುದು, ತಾವು ಯಾವುದನ್ನು ಗಮನಿಸಬೇಕು ಎಂದು ಕೇಳಬೇಕು. ಗಮನಿಸಬೇಕಾದುದನ್ನು ಉಪಾಧ್ಯಾಯರೇ ಸೂಚಿಸಿದರೆ ನೋಡುವವರು ಶತ್ರುವಾಗಿ ತೋರುವುದಿಲ್ಲ.

ಎರಡನೆಯದು, ಪಾಠವನ್ನು ನೋಡುವುದು. ಹಿಂದಿನ ಬೆಂಚಿನಲ್ಲಿ ಕುಳಿತು, ಮೊದಲಿನಿಂದ ಕಡೆಯವರೆಗೆ, ಮಾತನಾಡದೆ ನೋಡಬೇಕು. ಅಭಿಪ್ರಾಯಗಳಿಗೆ ಬದಲಾಗಿ ನಡೆದ ಸಂಗತಿಗಳನ್ನು ಬರೆದುಕೊಳ್ಳಬೇಕು. 'ಪಾಠ ನೀರಸವಾಗಿತ್ತು' ಎಂದು ಬರೆದರೆ ಉಪಾಧ್ಯಾಯರಿಗೆ ನೋವಾಗುವುದೇ ಹೊರತು ಮಾರ್ಗ ಕಾಣುವುದಿಲ್ಲ. 'ಹದಿನಾರು ಪ್ರಶ್ನೆ ಕೇಳಿದಿರಿ. ಹದಿಮೂರಕ್ಕೆ ಮುಂದಿನ ಸಾಲಿನವರೇ ಉತ್ತರ ಕೊಟ್ಟರು. ಕಿಟಕಿಯ ಪಕ್ಕದ ಐವರು ಬಾಯಿ ತೆರೆಯಲಿಲ್ಲ' ಎಂಬಂತೆ ಬರೆದರೆ ಮಾರ್ಗ ತಾನಾಗಿಯೇ ಕಾಣುತ್ತದೆ. ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಎಷ್ಟು ಹೊತ್ತು ಕಾಯುತ್ತಾರೆಂಬುದನ್ನೂ ಗಮನಿಸಬೇಕು. ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ 1970ರ ದಶಕದಲ್ಲಿ ಪ್ರಕಟಿಸಿದ ಪರಿಶೀಲನೆಗಳಂತೆ, ಉಪಾಧ್ಯಾಯರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾದು ಮುಂದೆ ಹೋಗುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರಗಳು ದೀರ್ಘವಾಗುತ್ತವೆ, ಸುಮ್ಮನಿದ್ದವರೂ ಮಾತನಾಡುತ್ತಾರೆ. ಈ ಸುಧಾರಣೆಗೆ ಒಂದು ಕಾಸೂ ಖರ್ಚಿಲ್ಲ.

ಮೂರನೆಯದು, ಪಾಠವಾದ ಮೇಲಿನ ಮಾತುಕತೆ. ಅದು ಅಂದೇ ಅಥವಾ ಮರುದಿನವೇ ಆಗಬೇಕು; ಏಕಾಂತದಲ್ಲಿ ಆಗಬೇಕು. ಮೊದಲು ಉಪಾಧ್ಯಾಯರು ಮಾತನಾಡಲಿ. ಬಳಿಕ ಬರೆದುಕೊಂಡ ಸಂಗತಿಗಳನ್ನು ಇಬ್ಬರೂ ನೋಡಿ, ತಿದ್ದಿಕೊಳ್ಳಬೇಕಾದ ಅಂಶ ಒಂದನ್ನು ಮಾತ್ರ ಆರಿಸಲಿ. ಒಂದೇ ಸಲ ಹತ್ತು ದೋಷಗಳನ್ನು ಹೇಳಿಸಿಕೊಂಡವರು ಒಂದನ್ನೂ ತಿದ್ದಿಕೊಳ್ಳಲಾರರು.

ಎರಡು ಉದಾಹರಣೆಗಳು

ನಮ್ಮ ಮಕ್ಕಳ ಕನ್ನಡ ಉಕ್ತಲೇಖನವನ್ನು ತೆಗೆದುಕೊಳ್ಳೋಣ. 'ಗಿಡ' ಎಂಬಲ್ಲಿ 'ಕಿಡ', 'ಬಾಳೆ' ಎಂಬಲ್ಲಿ 'ಪಾಳೆ', 'ಭಾರತ' ಎಂಬಲ್ಲಿ 'ಬಾರತ' ಎಂಬ ತಪ್ಪುಗಳು ಕಂಡುಬಂದಾಗ ಉಪಾಧ್ಯಾಯರು ಅಜಾಗರೂಕತೆಯೆಂದು ಗದರಿಸಬಹುದು. ಮೇಲ್ವಿಚಾರಕರು ಇಪ್ಪತ್ತು ನೋಟುಪುಸ್ತಕಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಬೇರೆ ಸಂಗತಿ ಹೊಳೆಯುತ್ತದೆ. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ಪಕಾರ ಬಕಾರಗಳಿಗೂ ಹಾಗೆಯೇ. ಮಹಾಪ್ರಾಣಗಳಿಗೆ ಬೇರೆ ಅಕ್ಷರಗಳಿಲ್ಲ. ಆ ಭಾಷೆಗೆ ಅದು ಸಹಜವೂ ಸಮರ್ಪಕವೂ ಆದ ವ್ಯವಸ್ಥೆ. ಎರಡು ಲಿಪಿಗಳನ್ನು ಏಕಕಾಲದಲ್ಲಿ ಕಲಿಯುವ ಮಗುವು ಒಂದರ ನಿಯಮವನ್ನು ಇನ್ನೊಂದಕ್ಕೆ ಹಚ್ಚುತ್ತದೆ. ತಮಿಳಿನಲ್ಲಿ ಸಂಯುಕ್ತ ವ್ಯಂಜನವನ್ನು ಚುಕ್ಕೆಯಿಟ್ಟು ಪಕ್ಕಪಕ್ಕದಲ್ಲಿ ಬರೆಯುವುದರಿಂದ ಕನ್ನಡದ ಒತ್ತಕ್ಷರವೂ ಜಾರಿಹೋಗುತ್ತದೆ. ಹೀಗಿರುವಲ್ಲಿ ಹತ್ತು ಸಲ ಬರೆಯಿಸುವ ಶಿಕ್ಷೆಯಿಂದ ಪ್ರಯೋಜನವಿಲ್ಲ. 'ಕಾಳಿ, ಗಾಳಿ', 'ಪಾಲು, ಬಾಲು', 'ತಾರಿ, ದಾರಿ' ಎಂಬಂತಹ ಜೋಡಿಗಳನ್ನು ಉಚ್ಚರಿಸಿ, ಕೇಳಿಸಿ, ಬೇರ್ಪಡಿಸುವ ಅಭ್ಯಾಸವನ್ನು ದಿನಕ್ಕೆ ಐದು ನಿಮಿಷ ಮಾಡಿಸಬೇಕು. ತಮಿಳು ಉಪಾಧ್ಯಾಯರೂ ಕನ್ನಡ ಉಪಾಧ್ಯಾಯರೂ ಒಟ್ಟಿಗೆ ಕುಳಿತು ಎರಡು ಲಿಪಿಗಳ ಭೇದವನ್ನು ಮಕ್ಕಳಿಗೆ ತೋರಿಸಿಕೊಟ್ಟರೆ ಎರಡು ಭಾಷೆಗಳಿಗೂ ಲಾಭ.

ಇನ್ನೊಂದು ಉದಾಹರಣೆ ಗಣಿತದ್ದು. 402ರಲ್ಲಿ 178ನ್ನು ಕಳೆಯಿರೆಂದರೆ ಹಲವು ಮಕ್ಕಳು 376 ಎಂದು ಬರೆಯುತ್ತಾರೆ. ಉಪಾಧ್ಯಾಯರು ಕೆಂಪು ಮಸಿಯಲ್ಲಿ ಅಡ್ಡಗೆರೆ ಹಾಕಿ 224 ಎಂದು ಬರೆದುಬಿಡುತ್ತಾರೆ. ಆದರೆ 376 ಎಂಬುದು ಎಲ್ಲಿಂದ ಬಂದಿತು? ಮಗುವು ಪ್ರತಿಯೊಂದು ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 4ರಲ್ಲಿ 1 ಹೋದರೆ 3. ಅದು ಗಣಿತವನ್ನು ಮಾಡದೆ ಬಿಟ್ಟಿಲ್ಲ. ತಪ್ಪಾದ ನಿಯಮವನ್ನು ನಿಷ್ಠೆಯಿಂದ ಅನುಸರಿಸಿದೆ. ಕಡ್ಡಿಗಳ ಕಟ್ಟುಗಳನ್ನು ಕೊಟ್ಟು, ಒಂದು ನೂರರ ಕಟ್ಟನ್ನು ಬಿಚ್ಚಿ ಹತ್ತು ಹತ್ತರ ಕಟ್ಟುಗಳನ್ನಾಗಿಯೂ, ಅವುಗಳಲ್ಲೊಂದನ್ನು ಬಿಚ್ಚಿ ಹತ್ತು ಬಿಡಿಕಡ್ಡಿಗಳನ್ನಾಗಿಯೂ ಮಾಡಿಸಿದರೆ, 3 ನೂರು, 9 ಹತ್ತು, 12 ಬಿಡಿ ಎಂದು ಕಣ್ಣಿಗೆ ಕಾಣುತ್ತದೆ. 178ನ್ನು ತೆಗೆಯುವುದು ಆಮೇಲೆ ಕಷ್ಟವಲ್ಲ. ಮೇಲ್ವಿಚಾರಕರು ಹಾಜರಿ ಪುಸ್ತಕಕ್ಕಿಂತ ಹೆಚ್ಚಾಗಿ ಮಕ್ಕಳ ನೋಟುಪುಸ್ತಕಗಳನ್ನು ತಿರುವಿಹಾಕಬೇಕೆನ್ನುವುದಕ್ಕೆ ಇದೇ ಕಾರಣ.

ಕಾಲದ ಲೆಕ್ಕ

'ಇದಕ್ಕೆಲ್ಲ ಕಾಲವೆಲ್ಲಿದೆ?' ಎಂದು ಮುಖ್ಯೋಪಾಧ್ಯಾಯರು ಕೇಳುವುದು ನ್ಯಾಯವೇ. ದಿನಕ್ಕೆ ಎಂಟು ಪೀರಿಯಡ್ಡಿನಂತೆ ವಾರಕ್ಕೆ ನಲವತ್ತು, ಉಪಾಧ್ಯಾಯರು ಎಂಟು ಮಂದಿ ಎಂದಿಟ್ಟುಕೊಳ್ಳೋಣ. ಪ್ರತಿಯೊಬ್ಬರ ಪಾಠವನ್ನು ಎರಡು ವಾರಕ್ಕೊಮ್ಮೆ ನೋಡಬೇಕಾದರೆ ವಾರಕ್ಕೆ ನಾಲ್ಕು ಪೀರಿಯಡ್ಡು ಸಾಕು. ಅದು ಹತ್ತರಲ್ಲೊಂದು ಪಾಲು. ಕಚೇರಿಯ ಕಾಗದಪತ್ರವನ್ನು ಆಡಳಿತ ಮಂಡಲಿಯವರು ಹಂಚಿಕೊಂಡರೆ ಈ ಕಾಲ ದೊರೆಯದಿರದು.

ಕಾಲ ವ್ಯರ್ಥವಾಗುವ ಬಗೆಯನ್ನೂ ಲೆಕ್ಕಹಾಕಿ ನೋಡಬಹುದು. ನಲವತ್ತು ನಿಮಿಷದ ಪ್ರತಿಯೊಂದು ಪೀರಿಯಡ್ಡೂ ಐದು ನಿಮಿಷ ತಡವಾಗಿ ತೊಡಗಿದರೆ ದಿನಕ್ಕೆ ನಲವತ್ತು ನಿಮಿಷ, ಎಂದರೆ ಒಂದು ಇಡೀ ಪೀರಿಯಡ್ಡು ಹೋಯಿತು. 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಒಂದರಿಂದ ಐದನೆಯ ತರಗತಿಯವರೆಗೆ ವರ್ಷಕ್ಕೆ 200 ಕೆಲಸದ ದಿನಗಳನ್ನು ನಿಗದಿಪಡಿಸಿದೆ. ಆ ಅಳತೆಯಿಂದ ನೋಡಿದರೆ ವರ್ಷಕ್ಕೆ 200 ಪೀರಿಯಡ್ಡುಗಳು, ಅಂದರೆ 25 ಪೂರ್ಣ ದಿನಗಳ ಪಾಠ ಯಾರಿಗೂ ಗೊತ್ತಾಗದಂತೆ ಕರಗಿಹೋಗುತ್ತದೆ.

ನೋಡುವವರು ತಿಳಿದಿರಬೇಕಾದುದು

ನೋಡುವವರ ಕಣ್ಣು ಕಾಲಕ್ಕೆ ತಕ್ಕಂತೆ ಪಳಗಬೇಕು. ಚೆನ್ನೈ ನಗರಸಭೆಯ ಶಾಲೆಗಳಲ್ಲಿ 2003ರಲ್ಲಿ ತೊಡಗಿ, ಕೆಲವು ವರ್ಷಗಳಲ್ಲಿ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿದ ಚಟುವಟಿಕೆಯ ಕಲಿಕೆಯಲ್ಲಿ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಕುಳಿತು ಕಾರ್ಡುಗಳನ್ನಿಟ್ಟುಕೊಂಡು ಕಲಿತರು. 2022ರಲ್ಲಿ ಬಂದ 'ಎಣ್ಣುಂ ಎಳುತ್ತುಂ' ಯೋಜನೆ ಎಳೆಯ ಮಕ್ಕಳ ಓದು, ಬರೆಹ, ಲೆಕ್ಕಗಳಿಗೆ ಒತ್ತು ಕೊಟ್ಟಿತು. ನಿಶ್ಶಬ್ದವಾದ ತರಗತಿಯೇ ಉತ್ತಮವಾದುದೆಂದು ನಂಬಿದವರು ಇಂತಹ ಕಡೆ ಗದ್ದಲವನ್ನಷ್ಟೇ ಕಂಡು ಹೋಗುತ್ತಾರೆ. ಆ ಗದ್ದಲದಲ್ಲಿ ಪಾಠದ ಮಾತೆಷ್ಟು, ಹರಟೆಯೆಷ್ಟು ಎಂದು ಕಿವಿಗೊಟ್ಟು ಕೇಳುವುದೇ ಮೇಲ್ವಿಚಾರಣೆ.

ಇಲ್ಲಿ ಭಾಷೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ. ಕನ್ನಡ ಬಾರದ ಅಧಿಕಾರಿಗಳು ಕನ್ನಡ ಪಾಠವನ್ನು ನೋಡಲು ಬಂದರೆ ಅವರು ಕರಿಹಲಗೆ, ದಾಖಲೆ, ಶಿಸ್ತುಗಳನ್ನು ನೋಡಬಲ್ಲರು; ಪಾಠದ ಒಳಹೊಕ್ಕು ನೋಡಲಾರರು. ಅದು ಅವರ ದೋಷವಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕನ್ನಡ ತಿಳಿಯದ ಉಪಾಧ್ಯಾಯರ ನೇಮಕವಾದಾಗ ಮಕ್ಕಳೂ ತಂದೆತಾಯಿಗಳೂ ಪ್ರತಿಭಟಿಸಿದುದು ಎಲ್ಲರಿಗೂ ತಿಳಿದ ಸಂಗತಿ. ಭಾಷೆ ತಿಳಿಯದ ಬೋಧನೆ ಎಷ್ಟು ವ್ಯರ್ಥವೋ ಭಾಷೆ ತಿಳಿಯದ ಮೇಲ್ವಿಚಾರಣೆಯೂ ಅಷ್ಟೇ ಅಪೂರ್ಣ. ಈ ಕೊರತೆಯನ್ನು ತುಂಬುವ ಕೆಲಸ ಸಂಘಗಳ ಕೈಯಲ್ಲಿದೆ. ತಾಳವಾಡಿ, ಹೊಸೂರು, ಚಾಮರಾಜನಗರ, ಕೊಳ್ಳೇಗಾಲಗಳ ಅನುಭವಿಗಳಾದ ಕನ್ನಡ ಉಪಾಧ್ಯಾಯರನ್ನು, ನಿವೃತ್ತರನ್ನು, ವರ್ಷಕ್ಕೆ ಎರಡು ಮೂರು ಸಲ ಕರೆತಂದು ಪಾಠಗಳನ್ನು ನೋಡಿಸಬಹುದು. ಜಪಾನಿನಲ್ಲಿ ಉಪಾಧ್ಯಾಯರು ಒಂದು ಪಾಠವನ್ನು ಕೂಡಿ ಸಿದ್ಧಪಡಿಸಿ, ಒಬ್ಬರು ಕಲಿಸುವಾಗ ಉಳಿದವರು ನೋಡಿ, ಅನಂತರ ಚರ್ಚಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಇಬ್ಬರೇ ಉಪಾಧ್ಯಾಯರಿರುವ ಶಾಲೆಯಲ್ಲಿಯೂ ಇದು ಸಾಧ್ಯ.

ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ದಾನ ಕೊಟ್ಟವರೂ ಸಂಘದ ಪದಾಧಿಕಾರಿಗಳೂ ತರಗತಿಗೆ ನುಗ್ಗಿ, ಮಕ್ಕಳ ಮುಂದೆಯೇ ಉಪಾಧ್ಯಾಯರನ್ನು ಪ್ರಶ್ನಿಸುವುದು ಮೇಲ್ವಿಚಾರಣೆಯಲ್ಲ. ಶಿಷ್ಯರ ಎದುರಿನಲ್ಲಿ ಗುರುವಿನ ಮಾನ ಒಮ್ಮೆ ಕಳೆದರೆ ಯಾವ ತರಬೇತಿಯೂ ಅದನ್ನು ಮರಳಿ ತಂದುಕೊಡಲಾರದು. ಪಾಠ ನೋಡಿದ ಟಿಪ್ಪಣಿಗಳನ್ನು ವಾರ್ಷಿಕ ಬಡ್ತಿಯ ಕಡತಕ್ಕೆ ಸೇರಿಸಬಾರದು. ಸೇರಿಸಿದೊಡನೆ ಉಪಾಧ್ಯಾಯರು ಪ್ರದರ್ಶನದ ಪಾಠವನ್ನೇ ತೋರಿಸುವರು. ಕರ್ತವ್ಯಲೋಪಕ್ಕೆ ಬೇರೆ ವಿಚಾರಣೆಯಿರಲಿ. ಕಲಿಸುವ ಕಲೆಗೆ ಬೇರೆ ಮಾತುಕತೆಯಿರಲಿ.

ತಂದೆತಾಯಿಗಳೂ ವಿದ್ಯಾರ್ಥಿಗಳೂ

ತಂದೆತಾಯಿಗಳು ಸಾಮಾನ್ಯವಾಗಿ 'ಎಷ್ಟು ಅಂಕ ಬಂತು?' ಎಂದು ಕೇಳುತ್ತಾರೆ. ಅದರ ಬದಲು 'ಇಂದು ಏನು ಕಲಿತೆ? ನನಗೆ ಹೇಳಿಕೊಡು' ಎಂದು ಕೇಳಬೇಕು. ಗಿರಣಿಯ ಕೆಲಸ ಮುಗಿಸಿ, ಮಗ್ಗದಿಂದ ಎದ್ದು ಬಂದ ತಾಯಿಗೆ ಅಕ್ಷರ ಬಾರದಿದ್ದರೂ ಈ ಪ್ರಶ್ನೆ ಕೇಳಬಹುದು. ಮಗು ಹೇಳಲಾರದೆ ತಡವರಿಸಿದರೆ, ಸಭೆಯ ದಿನ ಅದನ್ನು ಮುಖ್ಯೋಪಾಧ್ಯಾಯರಿಗೆ ಶಾಂತವಾಗಿ ತಿಳಿಸಬೇಕು. 'ನಮ್ಮ ಹುಡುಗಿಗೆ ಕಳೆಯುವ ಲೆಕ್ಕ ತಿಳಿಯುತ್ತಿಲ್ಲ' ಎಂಬ ಒಂದು ಮಾತು, 'ಶಾಲೆ ಸರಿಯಿಲ್ಲ' ಎಂಬ ನೂರು ಮಾತುಗಳಿಗಿಂತ ಹೆಚ್ಚು ಉಪಯುಕ್ತವಾದುದು.

ವಿದ್ಯಾರ್ಥಿಗಳೇ, ನಿಮ್ಮ ತರಗತಿಯ ಹಿಂದೆ ಮುಖ್ಯೋಪಾಧ್ಯಾಯರು ಬಂದು ಕುಳಿತರೆ ಹೆದರಬೇಡಿರಿ. ಅಂದು ಮಾತ್ರ ನೆಟ್ಟಗೆ ಕುಳಿತು ಎಲ್ಲವೂ ತಿಳಿದವರಂತೆ ನಟಿಸಲೂ ಬೇಡಿರಿ. ತಿಳಿಯದಿದ್ದರೆ ಕೈಯೆತ್ತಿ ತಿಳಿಯಲಿಲ್ಲವೆಂದು ಹೇಳಿರಿ. ಹಾಗೆ ಹೇಳುವುದು ಗುರುಗಳಿಗೆ ಅವಮಾನವಲ್ಲ; ಪಾಠ ಎಲ್ಲಿ ನಿಂತಿತೆಂದು ಅವರಿಗೆ ತೋರಿಸುವ ಸಹಾಯ.

ಬರುವ ಶಾಲಾ ವರ್ಷದಲ್ಲಿ ನಮ್ಮ ಶಾಲೆಗಳ ಆಡಳಿತದವರು ಮೂರು ಕೆಲಸಗಳನ್ನಾದರೂ ಕೈಗೊಳ್ಳಬೇಕೆಂಬುದು ನಮ್ಮ ಬಿನ್ನಹ: ವಾರಕ್ಕೆ ನಾಲ್ಕು ಪೀರಿಯಡ್ಡನ್ನು ಮುಖ್ಯೋಪಾಧ್ಯಾಯರಿಗೆ ಪಾಠ ನೋಡುವುದಕ್ಕಾಗಿಯೇ ಬಿಡಿಸಿಕೊಡುವುದು, ತಿಂಗಳಿಗೊಮ್ಮೆ ಉಪಾಧ್ಯಾಯರೆಲ್ಲರೂ ಮಕ್ಕಳ ನೋಟುಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುವುದು, ವರ್ಷಕ್ಕೆ ಎರಡು ಸಲ ಕನ್ನಡ ಬಲ್ಲ ಹಿರಿಯ ಉಪಾಧ್ಯಾಯರನ್ನು ಹೊರಗಿನಿಂದ ಬರಮಾಡಿಕೊಳ್ಳುವುದು. ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಮುಂದಿನ ವರ್ಷದ ವರದಿಯಲ್ಲಿ ಕಟ್ಟಡದ ಲೆಕ್ಕದ ಪಕ್ಕದಲ್ಲಿ, ನೋಡಿದ ಪಾಠಗಳ ಸಂಖ್ಯೆಯೂ, ಅವುಗಳಿಂದ ತಿದ್ದಿಕೊಂಡ ಅಂಶಗಳೂ ಅಚ್ಚಾಗಲಿ.